ಗೇಟಿನಲ್ಲಿ ದಿನಾ ಬ್ಯಾಗ್ ತಪಾಸಣೆ, ಮೇಲಿಂದ ಪಾರದರ್ಶಕ ಬ್ಯಾಗ್: ಶಾಲೆಯ ನಿಯಮ ಹೇಗೆ ಬರೆಯಬೇಕು?

ಪೋಷಕರ ಸಮಿತಿ, ಹಾಸನ

ಹಾಸನ ನಗರದ ಒಂದು ಖಾಸಗಿ ಪ್ರೌಢಶಾಲೆ. 8, 9, 10 ಮೂರೂ ಸೇರಿ 420 ಮಕ್ಕಳು. ಅರ್ಧದಷ್ಟು ಮಕ್ಕಳು ಆಲೂರು, ಸಕಲೇಶಪುರ ಕಡೆಯಿಂದ ಬಸ್ಸಿನಲ್ಲಿ ಬರುವವರು. ಶೌಚಾಲಯದ ಹಿಂದೆ ಗುಟ್ಕಾ ಪೊಟ್ಟಣಗಳೂ ಒಂದು ವೇಪ್ (ಇ-ಸಿಗರೇಟು) ಕೂಡ ಸಿಕ್ಕಿವೆ. ಒಬ್ಬ ಹುಡುಗನ ಬಳಿ ಮಡಚುವ ಚಾಕು ಇತ್ತು. ಹಾಗಾಗಿ ಜೂನ್‌ನಿಂದ ಎರಡು ನಿಯಮ ತರಲು ಆಡಳಿತ ಮಂಡಳಿ ಕರಡು ಮಾಡಿದೆ. ಬೆಳಿಗ್ಗೆ ಗೇಟಿನಲ್ಲಿ ಎಲ್ಲರ ಬ್ಯಾಗನ್ನೂ ಬಿಚ್ಚಿಸಿ ನೋಡುವುದು ಒಂದು. ಎಲ್ಲರೂ ಪಾರದರ್ಶಕ ಪ್ಲಾಸ್ಟಿಕ್ ಬ್ಯಾಗನ್ನೇ ತರಬೇಕು ಎನ್ನುವುದು ಇನ್ನೊಂದು.

ಪೋಷಕರ ಸಮಿತಿಯಿಂದ ಲಿಖಿತ ಅಭಿಪ್ರಾಯ ಕೇಳಿದ್ದಾರೆ. ಸುಮ್ಮನೆ ಬೇಡ ಅಂದರೆ ಆಗುವುದಿಲ್ಲ, ಬದಲಿಗೆ ಏನು ಅಂತ ಬರೆದುಕೊಡಬೇಕು. ಶಿಕ್ಷಕರು ಎಷ್ಟರ ಮಟ್ಟಿಗೆ ಬ್ಯಾಗ್ ನೋಡಬಹುದು? ಹೆಣ್ಣುಮಕ್ಕಳ ಬ್ಯಾಗಿನ ವಿಷಯದಲ್ಲಿ ಏನು ಮಾಡಬೇಕು? ಸಿಕ್ಕಿದ ವಸ್ತುವನ್ನು, ಅದರಲ್ಲೂ ಮೊಬೈಲನ್ನು, ಏನು ಮಾಡಬೇಕು? ಗೊತ್ತಿರುವವರು ವಿವರವಾಗಿ ತಿಳಿಸಿ.

ಪ್ರೌಢಶಾಲಾ ಶಿಕ್ಷಕ, ಚಿಕ್ಕಮಗಳೂರು

ಮೊದಲು ಲೆಕ್ಕ ಹಾಕಿ ತೋರಿಸಿ ಮೇಡಂ, ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಒಂದು ಬ್ಯಾಗನ್ನು ಸರಿಯಾಗಿ ನೋಡಲು ಕಡಿಮೆ ಅಂದರೂ 40 ಸೆಕೆಂಡು ಬೇಕು. 420 ಬ್ಯಾಗಿಗೆ 16,800 ಸೆಕೆಂಡು. ಇಬ್ಬರು ನಿಂತರೆ 140 ನಿಮಿಷ. ಆರು ಜನ ನಿಂತರೂ 46 ನಿಮಿಷದ ಮೇಲೆ. ಅಷ್ಟು ಹೊತ್ತು ಮಕ್ಕಳು ಗೇಟಿನ ಹೊರಗೆ, ರಸ್ತೆ ಮೇಲೆ, ಜುಲೈ ತಿಂಗಳ ಮಳೆಯಲ್ಲಿ ನಿಲ್ಲಬೇಕು. ಬಸ್ಸು ತಡವಾಗಿ ಇಳಿದವರಿಗೆ ಮೊದಲ ಪೀರಿಯಡ್ ಹೋಯಿತು ಅಂತಲೇ ಲೆಕ್ಕ. ಸಮಯ ಉಳಿಸಲು ಐದೈದು ಸೆಕೆಂಡಿಗೆ ಜಿಪ್ ಎಳೆದು ನೋಡುತ್ತಾರೆ. ಆಗ ಏನೂ ಸಿಗುವುದಿಲ್ಲ. ವೇಪ್ ಇಟ್ಟುಕೊಳ್ಳುವವನು ಅದನ್ನು ಬ್ಯಾಗಿನಲ್ಲಿ ಇಡುವುದೂ ಇಲ್ಲ, ಸಾಕ್ಸಿನಲ್ಲೋ ಕಾಂಪೌಂಡ್ ಕಲ್ಲಿನ ಸಂದಿಯಲ್ಲೋ ಇಡುತ್ತಾನೆ.

ಇದರ ಬದಲು ಕಾರಣ ಇದ್ದಾಗ ಮಾತ್ರ ನೋಡುವ ನಿಯಮ ಬರೆಯಿರಿ. ಯಾವುದು ಕಾರಣ ಎಂಬುದನ್ನೂ ಬರೆಯಿರಿ: ಒಬ್ಬರು ಕಣ್ಣಾರೆ ನೋಡಿ ಹೇಳಿದ್ದು, ವಾಸನೆ ಬಂದದ್ದು, ಬೆದರಿಕೆ ಹಾಕಿದ್ದು, ವಸ್ತು ಹೊರಗೆ ಇಣುಕಿದ್ದು. "ಹುಡುಗ ಹಿಂದಿನ ಬೆಂಚಿನವನು", "ಅಣ್ಣ ಸರಿಯಿಲ್ಲ", "ಇಂಥ ಬೀದಿಯಿಂದ ಬರುತ್ತಾನೆ" ಇವು ಕಾರಣವಲ್ಲ. ಈ ಸಾಲನ್ನು ನಿಯಮದಲ್ಲೇ ಸೇರಿಸಿ. ಸೇರಿಸದಿದ್ದರೆ ವರ್ಷವಿಡೀ ಅದೇ ನಾಲ್ಕು ಮಕ್ಕಳ ಬ್ಯಾಗ್ ಬಿಚ್ಚಿಸುತ್ತಾರೆ.

ನೋಡುವ ಕ್ರಮ ಹೀಗಿರಲಿ. ತರಗತಿಯ ಮುಂದೆ ಬೇಡ. ಮುಖ್ಯ ಶಿಕ್ಷಕರ ಕೊಠಡಿ ಅಥವಾ ಸ್ಟಾಫ್ ರೂಮಿನ ಒಂದು ಮೂಲೆ, ಬಾಗಿಲು ಅರ್ಧ ತೆರೆದಿರಲಿ. ದೊಡ್ಡವರು ಇಬ್ಬರು ಇರಬೇಕು, ಹುಡುಗಿಯಾದರೆ ಇಬ್ಬರೂ ಶಿಕ್ಷಕಿಯರೇ. ಯಾರ ಮೇಲೆ ಮಗು ಮೊದಲೇ ದೂರು ಕೊಟ್ಟಿದೆಯೋ ಅವರು ಅಲ್ಲಿರಬಾರದು. ಯಾವ ವಸ್ತುವಿಗಾಗಿ, ಯಾಕೆ ನೋಡುತ್ತಿದ್ದೇವೆ ಎಂದು ಮಗುವಿಗೆ ಮೊದಲೇ ಹೇಳಿ. ಬ್ಯಾಗನ್ನು ಮಗುವೇ ತೆರೆದು ಒಂದೊಂದೇ ವಸ್ತುವನ್ನು ಮೇಜಿನ ಮೇಲೆ ಇಡಲಿ. ನೀವು ಕೈ ಹಾಕಬೇಡಿ. ಕೈ ಹಾಕಿದ ಮೇಲೆ "ನೀವೇ ಇಟ್ಟಿರಿ" ಎಂಬ ಮಾತು ಬಂದರೆ ಉತ್ತರ ಇರುವುದಿಲ್ಲ, ಜಾಮಿಟ್ರಿ ಬಾಕ್ಸಿನ ಕೈವಾರವೋ ಬ್ಲೇಡೋ ನಿಮ್ಮ ಕೈಗೇ ಚುಚ್ಚುವ ಅಪಾಯವೂ ಇದೆ. ಬ್ಯಾಗ್ ಮಗುಚಿ ಸುರಿಯುವುದು ಬೇಡವೇ ಬೇಡ. ಹುಡುಕಿದ ವಸ್ತು ಸಿಕ್ಕ ತಕ್ಷಣ ನಿಲ್ಲಿಸಿ. ಮೊಬೈಲ್ ಹುಡುಕಲು ಕೂತವರು ಡೈರಿ ಓದಬಾರದು.

ಚಾಕುವಿನ ಅನುಮಾನ ಇದ್ದರೆ ಮಾತ್ರ ಕ್ರಮ ಬೇರೆ. ಆಗ ಮಗುವಿಗೆ ಬ್ಯಾಗ್ ಮುಟ್ಟಲು ಹೇಳಬೇಡಿ. ಬ್ಯಾಗ್ ಮೇಜಿನ ಮೇಲೆ, ಮಗು ಎರಡು ಮೀಟರ್ ದೂರದ ಕುರ್ಚಿಯಲ್ಲಿ, ನಡುವೆ ಒಬ್ಬರು ದೊಡ್ಡವರು. ಕೊಡಲು ಒಪ್ಪದಿದ್ದರೆ ಕಿತ್ತಾಡಬಾರದು. ಉಳಿದ ಮಕ್ಕಳನ್ನು ಆ ಕೊಠಡಿಯಿಂದ ದೂರ ಕಳಿಸಿ 112ಕ್ಕೆ ಕರೆ ಮಾಡಿ.

ಮೈ ತಡಕುವುದು, ಬಟ್ಟೆ ಸಡಿಲಿಸಲು ಹೇಳುವುದು ಯಾವ ಶಿಕ್ಷಕರ ಕೆಲಸವೂ ಅಲ್ಲ. ಜೇಬಿನಲ್ಲಿರುವುದನ್ನು ತಾನೇ ತೆಗೆದಿಡು ಎಂದು ಕೇಳಬಹುದು, ಅಲ್ಲಿಗೆ ನಿಂತಿತು.

ವಕೀಲರು, ಹಾಸನ

ಮೇಷ್ಟ್ರು ಹೇಳಿದ ಕ್ರಮಕ್ಕೆ ಕಾನೂನಿನ ಆಧಾರ ಸೇರಿಸುತ್ತೇನೆ, ಅಭಿಪ್ರಾಯಪತ್ರದಲ್ಲಿ ಬಳಸಿಕೊಳ್ಳಿ.

ಖಾಸಗಿತನ ಸಂವಿಧಾನದ 21ನೇ ವಿಧಿಯೊಳಗಿನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನಿಂದ ನಿಮಗೆ ಬೇಕಾದದ್ದು ಅನುಪಾತದ ಅಳತೆ: ಉದ್ದೇಶ ನ್ಯಾಯವಾದದ್ದೇ, ಆ ಉದ್ದೇಶಕ್ಕೆ ಈ ಕ್ರಮ ಬೇಕೇ, ಇದಕ್ಕಿಂತ ಕಡಿಮೆ ನೋವಿನ ದಾರಿ ಇದೆಯೇ. ಒಬ್ಬನ ಚಾಕುವಿಗಾಗಿ 420 ಮಕ್ಕಳ ಬ್ಯಾಗನ್ನು ದಿನವೂ ಬಿಚ್ಚುವುದು ಮೂರನೇ ಪ್ರಶ್ನೆಯಲ್ಲೇ ಸೋಲುತ್ತದೆ. ಖಾಸಗಿ ಶಾಲೆಯೂ ಇದೇ ಅಳತೆಯಲ್ಲಿ ತನ್ನ ನಿಯಮವನ್ನು ತೂಗಿ ನೋಡುವುದು ಒಳ್ಳೆಯದು.

ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ ಶೋಧದ ಅಧಿಕಾರ ಕೊಟ್ಟಿರುವುದು ಅಧಿಕೃತ ಅಧಿಕಾರಿಗಳಿಗೆ, ಶಿಕ್ಷಕರಿಗಲ್ಲ. ಹೆಣ್ಣಿನ ಮೈಶೋಧವನ್ನು ಹೆಣ್ಣೇ ಮಾಡಬೇಕು ಎಂದು ಅದರ 50ನೇ ಕಲಮು ಅಧಿಕಾರಿಗಳನ್ನೇ ಕಟ್ಟಿಹಾಕಿದೆ. ಪೊಲೀಸರಿಗೇ ಇಷ್ಟು ಮಿತಿ ಇರುವಾಗ ಗೇಟಿನ ವಾಚ್‌ಮನ್ ಕೈಗೆ ಹೆಣ್ಣುಮಕ್ಕಳ ಬ್ಯಾಗ್ ಕೊಡುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸುತ್ತದೆ. ಆದರೆ ಆ ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ. ಹತ್ತನೇ ತರಗತಿಯವರಿಗೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಹಿಡಿಯಿರಿ, ಅದು 18ರವರೆಗೆ ಅನ್ವಯ. ತನ್ನ ಸುಪರ್ದಿಯಲ್ಲಿರುವ ಮಗುವಿಗೆ ಹಿಂಸೆ ಕೊಟ್ಟು ಅನಗತ್ಯವಾದ ಮಾನಸಿಕ ಅಥವಾ ದೈಹಿಕ ಯಾತನೆ ಉಂಟುಮಾಡುವವರಿಗೆ ಅದರಲ್ಲಿ ಶಿಕ್ಷೆ ಇದೆ. ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ "ಇವಳ ಬ್ಯಾಗಿನಲ್ಲಿ ಏನು ಸಿಕ್ಕಿತು ನೋಡಿ" ಎನ್ನುವವರು ಇದನ್ನು ಒಮ್ಮೆ ಓದಬೇಕು.

ಗುಟ್ಕಾ, ಸಿಗರೇಟು ಸಿಕ್ಕಾಗ ಎಲ್ಲರ ಸಿಟ್ಟೂ ಮಗುವಿನ ಮೇಲೆ ಬೀಳುತ್ತದೆ, ಮಾರಿದವನು ತಪ್ಪಿಸಿಕೊಳ್ಳುತ್ತಾನೆ. ಮಗುವಿಗೆ ತಂಬಾಕು, ಮದ್ಯ ಅಥವಾ ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಡಿ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ. ತಂಬಾಕು ನಿಯಂತ್ರಣದ 2003ರ ಕೋಟ್ಪಾ ಕಾಯ್ದೆಯ 6ನೇ ಕಲಮಿಗೆ ಕರ್ನಾಟಕ ತಂದ ತಿದ್ದುಪಡಿಯಂತೆ ಶಾಲೆಯಿಂದ 100 ಮೀಟರಿನೊಳಗೆ ತಂಬಾಕು ಮಾರುವಂತಿಲ್ಲ. ಟೇಪು ಹಿಡಿದು ಅಳೆದು, ಅಂಗಡಿ ಇದ್ದರೆ ಶಾಲೆಯ ಲೆಟರ್‌ಹೆಡ್‌ನಲ್ಲಿ ಠಾಣೆಗೂ ನಗರಸಭೆಗೂ ದೂರು ಕೊಡಿ. ವೇಪ್ ಅಂತೂ 2019ರ ಕಾಯ್ದೆಯಿಂದ ದೇಶದಾದ್ಯಂತ ನಿಷಿದ್ಧ. ಅದು ಎಲ್ಲಿಂದ ಬಂತು ಎಂದು ಮಗುವನ್ನು ಶಾಂತವಾಗಿ ಕೇಳಿದರೆ ಸಿಗುವ ಉತ್ತರದ ಬೆಲೆ ನೂರು ಬ್ಯಾಗ್ ಬಿಚ್ಚಿದರೂ ಸಿಗುವುದಿಲ್ಲ.

ಗಾಂಜಾ ಎಂದು ಕಾಣುವ ವಸ್ತು ಸಿಕ್ಕರೆ ಮೂಸಬೇಡಿ, ಬಿಚ್ಚಬೇಡಿ, ಶೌಚಾಲಯಕ್ಕೆ ಹಾಕಿ ನೀರು ಬಿಡಬೇಡಿ. ಇದ್ದ ಹಾಗೇ ಒಂದು ಕಾಗದದ ಲಕೋಟೆಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಇಬ್ಬರು ಸಹಿ, ದಿನಾಂಕ, ಸಮಯ ಹಾಕಿ. ಪೋಷಕರಿಗೂ ಪೊಲೀಸರಿಗೂ ಆಗಲೇ ತಿಳಿಸಿ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು, ಅವರನ್ನೇ ಕೇಳಿ. ಮಗುವನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಹೆಸರು, ಶಾಲೆ, ಫೋಟೊ ಹೊರಗೆ ಬಿಡುವುದು 74ನೇ ಕಲಮಿನಡಿ ಅಪರಾಧ. ಪತ್ರಿಕೆಯವರು ಕೇಳಿದರೂ ಕೊಡಬಾರದು.

ಇನ್ನೊಂದು ಮಾತು. ಯೂಟ್ಯೂಬ್‌ನಲ್ಲಿ "ಶಾಲೆಗೆ ಬ್ಯಾಗ್ ಶೋಧಿಸುವ ಹಕ್ಕಿದೆ" ಎಂದು ಹೇಳುವ ಅನೇಕ ವಿಡಿಯೊಗಳು ಅಮೆರಿಕದ 1985ರ ಒಂದು ತೀರ್ಪನ್ನು ಹಿಡಿದು ಮಾತಾಡುತ್ತವೆ. ಅದು ಇಲ್ಲಿಯ ಕಾನೂನಲ್ಲ. ಅಲ್ಲಿಯೂ ಸಕಾರಣ ಅನುಮಾನ ಬೇಕೇಬೇಕು. 2009ರಲ್ಲಿ ನೋವಿನ ಮಾತ್ರೆಗಾಗಿ 13 ವರ್ಷದ ಹುಡುಗಿಯ ಒಳಉಡುಪಿನವರೆಗೆ ಶೋಧಿಸಿದ್ದು ಸಂವಿಧಾನಬಾಹಿರ ಎಂದು ಅದೇ ದೇಶದ ಸುಪ್ರೀಂ ಕೋರ್ಟ್ ಹೇಳಿದೆ.

ಬ್ಯಾಗ್ ಹೊಲಿಗೆ ಮತ್ತು ರಿಪೇರಿ, ಬೇಲೂರು ರಸ್ತೆ

ಪಾರದರ್ಶಕ ಬ್ಯಾಗಿನ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಹೇಳುತ್ತೇನೆ. ಅದು ಪಿವಿಸಿ ಹಾಳೆ. ಬಟ್ಟೆಯ ಹಾಗೆ ನೂಲಿನ ಹೆಣಿಗೆ ಅದರಲ್ಲಿಲ್ಲ. ಹೊಲಿಗೆಯ ಸೂಜಿ ಹಾಕಿದ ತೂತುಗಳು ಸಾಲಾಗಿ ನಿಂತು, ಅಂಚೆಚೀಟಿ ಹರಿದ ಹಾಗೆ ಅದೇ ಗೆರೆಯಲ್ಲಿ ಹರಿಯುತ್ತದೆ. ಮೊದಲು ಹೋಗುವುದು ಭುಜಪಟ್ಟಿಯ ಬುಡ. ಅಲ್ಲಿ ನೈಲಾನ್ ಪಟ್ಟಿ ಇಟ್ಟು, ಹೊಲಿಗೆಯ ಅಂತರ 4 ಮಿಲಿಮೀಟರಿನಷ್ಟು ದೊಡ್ಡದು ಮಾಡಿ ಹೊಲಿದರೆ ಸ್ವಲ್ಪ ತಡೆದೀತು. ಅಗ್ಗದ ಬ್ಯಾಗಿನಲ್ಲಿ ಹಾಗೆ ಮಾಡಿರುವುದಿಲ್ಲ.

2019ರ ಸರ್ಕಾರಿ ಸುತ್ತೋಲೆಯ ಪ್ರಕಾರ 6ರಿಂದ 8ನೇ ತರಗತಿಗೆ 3ರಿಂದ 4 ಕಿಲೊ, 9 ಮತ್ತು 10ಕ್ಕೆ 4ರಿಂದ 5 ಕಿಲೊ ಮಿತಿ. ಮುಕ್ಕಾಲು ಲೀಟರಿನ ಸ್ಟೀಲ್ ಬಾಟಲಿ ತುಂಬಿದರೆ ಅದೇ ಒಂದು ಕಿಲೊ ಹತ್ತಿರ, ಊಟದ ಡಬ್ಬಿ ಬೇರೆ. ಡಬ್ಬಿಯ ಮೂಲೆ ಒತ್ತಿದ ಕಡೆ ಹಾಳೆ ಬೆಳ್ಳಗಾಗಿ ಬಿರುಕು ಬಿಡುತ್ತದೆ. ಸಕಲೇಶಪುರದ ಚಳಿಗೆ ಬಿರುಸಾಗುತ್ತದೆ, ಬೇಸಗೆಯ ಬಿಸಿಲಿಗೆ ಹಳದಿಯಾಗುತ್ತದೆ. ಮಳೆಗಾಲದಲ್ಲಿ ಒದ್ದೆ ಕೊಡೆಯನ್ನು ಒಳಗಿಟ್ಟರೆ ಗಾಳಿಯಾಡದೆ ಬೆವರು ಕಟ್ಟಿ, ಎರಡೇ ದಿನಕ್ಕೆ ಪುಸ್ತಕ ಮುಗ್ಗಲು ವಾಸನೆ ಹೊಡೆಯುತ್ತದೆ. ಜೆರಾಕ್ಸ್ ಹಾಳೆ ಪಿವಿಸಿಗೆ ತಾಗಿಕೊಂಡೇ ಇದ್ದರೆ ಅಕ್ಷರ ಕಿತ್ತು ಅದಕ್ಕೆ ಅಂಟುತ್ತದೆ. ಮಳೆಗಾಲದಲ್ಲಿ ಮೇಲೆ ರೇನ್ ಕವರ್ ಹಾಕಲೇಬೇಕು. ಹಾಕಿದ ಮೇಲೆ ಪಾರದರ್ಶಕ ಅಂತ ಏನು ಉಳಿಯಿತು?

ಪುಸ್ತಕದ ನಡುವೆ, ಡಬ್ಬಿಯೊಳಗೆ, ಪೆನ್ಸಿಲ್ ಪೌಚಿನೊಳಗೆ ಇಟ್ಟದ್ದು ಎಂಥ ಪಾರದರ್ಶಕ ಬ್ಯಾಗಿನಲ್ಲೂ ಕಾಣುವುದಿಲ್ಲ. ಕಾಣುವುದು ಹೆಣ್ಣುಮಕ್ಕಳ ಪ್ಯಾಡ್, ಬದಲಿ ಬಟ್ಟೆ, ಮಾತ್ರೆ. ಅಮೆರಿಕದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರವರಿಯಲ್ಲಿ ಗುಂಡೇಟಿಗೆ 17 ಜನ ಸತ್ತ ಮೇಲೆ ಏಪ್ರಿಲ್‌ನಲ್ಲಿ ಇಂಥ ಬ್ಯಾಗ್ ಕಡ್ಡಾಯ ಮಾಡಿದ್ದರು. ಮುಂದಿನ ಶಾಲಾ ವರ್ಷಕ್ಕೆ ಅದನ್ನು ಕೈಬಿಟ್ಟರು.

ಶಾಲಾ ಆರೋಗ್ಯ ಕಾರ್ಯಕರ್ತೆ, ಮೂಡಿಗೆರೆ

ನಿಯಮದಲ್ಲಿ "ತರಬಾರದ ವಸ್ತು" ಪಟ್ಟಿ ಮಾಡುವ ಮೊದಲು "ಮುಟ್ಟಬಾರದ ವಸ್ತು" ಪಟ್ಟಿ ಮಾಡಿ ಅಕ್ಕ.

ಪ್ಯಾಡ್ ಇಟ್ಟ ಚೀಲ ಮೊದಲನೆಯದು. ಶುಚಿ ಯೋಜನೆಯಲ್ಲಿ ಸರ್ಕಾರವೇ ಹೆಣ್ಣುಮಕ್ಕಳಿಗೆ ಪ್ಯಾಡ್ ಕೊಡುತ್ತದೆ, ಅದನ್ನು ಹತ್ತು ಜನರ ಮುಂದೆ ತೆರೆಸುವುದು ತಪ್ಪು. ಹುಡುಗಿ "ಇದು ನನ್ನ ಪರ್ಸನಲ್ ಚೀಲ" ಎಂದರೆ ಅದು ಪಕ್ಕಕ್ಕೆ. ಗಟ್ಟಿಯಾದ ಕಾರಣ ಇದ್ದರೆ ಶಿಕ್ಷಕಿಯ ಎದುರು ಅವಳೇ ಹೊರಗಿನಿಂದ ಒತ್ತಿ ತೋರಿಸಲಿ. ಚಾಕುವೋ ಮೊಬೈಲೋ ಇದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ. ಗೇಟಿನಲ್ಲಿ ಗಂಡಸರು ಬ್ಯಾಗ್ ನೋಡುತ್ತಾರೆ ಅಂತಾದರೆ ಮುಟ್ಟಿನ ದಿನಗಳಲ್ಲಿ ಹುಡುಗಿಯರು ಪ್ಯಾಡ್ ತರುವುದು ಬಿಡುತ್ತಾರೆ, ಇಲ್ಲ ಶಾಲೆಗೇ ಬರುವುದಿಲ್ಲ.

ಎರಡನೆಯದು ಔಷಧಿ. ಟೈಪ್ 1 ಮಧುಮೇಹದ ಮಗುವಿನ ಬ್ಯಾಗಿನಲ್ಲಿ ಇನ್ಸುಲಿನ್ ಪೆನ್, ಸೂಜಿ, ಬೆರಳು ಚುಚ್ಚುವ ಲ್ಯಾನ್ಸೆಟ್, ಗ್ಲೂಕೊಮೀಟರ್, ಗ್ಲೂಕೋಸ್ ಇರುತ್ತವೆ. ಗೊತ್ತಿಲ್ಲದವರಿಗೆ ಇದು ಡ್ರಗ್ಸ್ ಸಾಮಾನಿನ ಹಾಗೆ ಕಾಣುತ್ತದೆ. ಕಿತ್ತು ಆಫೀಸಿನಲ್ಲಿ ಬೀಗ ಹಾಕಿ ಇಟ್ಟರೆ ಮಗುವಿನ ಜೀವಕ್ಕೇ ಅಪಾಯ. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಆ ಕ್ಷಣವೇ 15 ಗ್ರಾಂ ಗ್ಲೂಕೋಸ್ ಬಾಯಿಗೆ ಹೋಗಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಮಗು ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಆಸ್ತಮಾದ ಇನ್‌ಹೇಲರೂ ಹಾಗೇ, ಮಗುವಿನ ಕೈಗೆ ಸಿಗುವಲ್ಲೇ ಇರಬೇಕು. ಜೂನ್‌ನಲ್ಲೇ ಪೋಷಕರಿಂದ ವೈದ್ಯರ ಚೀಟಿಯ ಪ್ರತಿ ಪಡೆದು ಮುಖ್ಯ ಶಿಕ್ಷಕರು ಮತ್ತು ತರಗತಿ ಶಿಕ್ಷಕರ ಬಳಿ ಮಾತ್ರ ಇಡಿ. ನೋಟಿಸ್ ಬೋರ್ಡಿಗೆ ಹಾಕಬೇಡಿ.

ಮೂರನೆಯದು ನಮ್ಮ ಕಡೆಯದೇ ಸಂಗತಿ. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ನಡೆದು ಬರುವ ಮಕ್ಕಳ ಬ್ಯಾಗಿನಲ್ಲಿ ಉಂಬಳಕ್ಕೆ (ರಕ್ತ ಹೀರುವ ಜಿಗಣೆಗೆ) ಅಂತ ಸುಣ್ಣ, ಉಪ್ಪು, ಕೆಲವು ಸಲ ಹೊಗೆಸೊಪ್ಪು ಕೂಡ ಇರುತ್ತದೆ. ಹೊಗೆಸೊಪ್ಪು ಕಂಡ ಕೂಡಲೇ ತಂಬಾಕು ಕೇಸು ಮಾಡುವ ಮೊದಲು ಮಗುವಿನ ಕಾಲು ನೋಡಿ, ಯಾವ ದಾರಿಯಲ್ಲಿ ಬರುತ್ತೀಯ ಅಂತ ಕೇಳಿ. ಶಾಲೆಗೆ ತಂಬಾಕು ಬೇಡ ಎನ್ನುವುದು ಸರಿಯೇ. ಅದರ ಬದಲು ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಸಾಕಾಗುತ್ತದೆ ಅಂತ ತಿಳಿಸಿ. ಸುಣ್ಣದ ಡಬ್ಬಿಯೂ ಬೇಡ, ಕಣ್ಣಿಗೆ ಸಿಡಿದರೆ ಕಣ್ಣೇ ಸುಟ್ಟುಹೋಗುತ್ತದೆ.

ಪೋಷಕರ ಸಮಿತಿ, ಹಾಸನ

ತುಂಬಾ ಉಪಯೋಗವಾಯಿತು, ಎಲ್ಲರಿಗೂ ಧನ್ಯವಾದ. ಮೊಬೈಲ್ ವಿಷಯ ಉಳಿಯಿತು. ಆಲೂರು ಕಡೆಯ ಪೋಷಕರು ಫೋನ್ ಬೇಕೇ ಬೇಕು ಅನ್ನುತ್ತಾರೆ. ಸಂಜೆ ಬಸ್ಸು ತಪ್ಪಿದರೆ, ದಾರಿಯಲ್ಲಿ ಆನೆ ಇದೆ ಅಂತಾದರೆ ತಿಳಿಸುವುದು ಹೇಗೆ ಅಂತ ಅವರ ಪ್ರಶ್ನೆ. ಶಾಲೆ ಪೂರ್ತಿ ನಿಷೇಧ ಅನ್ನುತ್ತದೆ.

ಪ್ರೌಢಶಾಲಾ ಶಿಕ್ಷಕ, ಚಿಕ್ಕಮಗಳೂರು

ಪೂರ್ತಿ ನಿಷೇಧ ಮಾಡಿದರೆ ಫೋನ್ ಬ್ಯಾಗಿನ ತಳಕ್ಕೆ ಹೋಗುತ್ತದೆ, ಅಷ್ಟೆ. ಪೋಷಕರ ಅರ್ಜಿಯ ಮೇಲೆ ಬೇಕಾದವರಿಗೆ ಮಾತ್ರ ಅನುಮತಿ ಕೊಡಿ. ಬೆಳಿಗ್ಗೆ ಮಗುವೇ ಸ್ವಿಚ್ ಆಫ್ ಮಾಡಿ, ರೋಲ್ ನಂಬರ್ ಬರೆದ ಬಟ್ಟೆ ಚೀಲಕ್ಕೆ ಹಾಕಿ ಆಫೀಸಿನ ಬೀರುವಿನಲ್ಲಿ ಇಡಲಿ. ತರಗತಿಗೊಂದು ಮರದ ಖಾನೆ ಮಾಡಿಸಿದರೆ 60, 70 ಫೋನು ಹತ್ತು ನಿಮಿಷದ ಕೆಲಸ. ಸಂಜೆ ಸಹಿ ಹಾಕಿ ತಗೊಂಡು ಹೋಗಲಿ. ಬೀರುವಿನ ಕೀಲಿ ಇಬ್ಬರ ಬಳಿ ಇರಬೇಕು. ಒಬ್ಬರೇ ಇಟ್ಟುಕೊಂಡು ರಜೆ ಹಾಕಿದ ದಿನ ಸಂಜೆ ಬಸ್ಸಿನ ಹೊತ್ತಿಗೆ ಗಲಾಟೆ ಆಗುವುದು ಖಂಡಿತ. ಜೊತೆಗೆ ಆಫೀಸಿನ ಒಂದು ಫೋನ್ ಸಂಜೆ ಕೊನೆಯ ಬಸ್ಸು ಹೊರಡುವವರೆಗೆ ಮಕ್ಕಳಿಗೆ ಸಿಗುವಂತಿರಲಿ. ಆಗ ಫೋನ್ ತರಬೇಕು ಅನ್ನುವವರ ಸಂಖ್ಯೆಯೇ ಕಡಿಮೆಯಾಗುತ್ತದೆ.

ಅನುಮತಿ ಇಲ್ಲದ ಫೋನ್ ಸಿಕ್ಕರೆ: ಮಗುವೇ ಆಫ್ ಮಾಡಲಿ, ಲಕೋಟೆಗೆ ಹಾಕಿ ಅಂಟಿಸಿ, ಮಾಡೆಲ್ಲು, ಗಾಜು ಒಡೆದಿದೆಯೇ ಎಂಬುದು ಬರೆದು ಮಗುವಿಗೆ ಒಂದು ರಸೀದಿ. ಪೋಷಕರು ಬಂದು ತಗೊಂಡು ಹೋಗಲಿ, ಮೊದಲ ಸಲ ಅದೇ ದಿನ. "ವರ್ಷದ ಕೊನೆಗೆ ಕೊಡುತ್ತೇವೆ" ಅನ್ನಬೇಡಿ, ಅದು ಬೇರೆಯವರ ಆಸ್ತಿ. ಪಾಸ್‌ವರ್ಡ್ ಕೇಳಬಾರದು. ಗ್ಯಾಲರಿ, ವಾಟ್ಸ್ಆಪ್ ತೆರೆಯಬಾರದು.

ವಕೀಲರು, ಹಾಸನ

ಕೊನೆಯ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆಸಿ. ಮಗುವಿನ ನಗ್ನ ಚಿತ್ರವೇನಾದರೂ ಫೋನಿನಲ್ಲಿದ್ದು, ಶಿಕ್ಷಕರು "ಸಾಕ್ಷಿಗೆ ಇರಲಿ" ಎಂದು ತಮ್ಮ ಫೋನಿಗೆ ಕಳಿಸಿಕೊಂಡರೆ, ಸ್ಟಾಫ್ ಗ್ರೂಪಿಗೆ ಹಾಕಿದರೆ, ಅವರೇ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) 15ನೇ ಕಲಮು ಮತ್ತು ಐಟಿ ಕಾಯ್ದೆಯ 67ಬಿ ಕೈಗೆ ಸಿಗುತ್ತಾರೆ. ಇಟ್ಟುಕೊಳ್ಳುವುದರ ಬಗ್ಗೆ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಬಹಳ ಕಟ್ಟುನಿಟ್ಟಾಗಿ ಹೇಳಿದೆ. ಅಂಥ ವಿಷಯ ಮಗುವಿನ ಬಾಯಿಂದ ತಿಳಿದರೆ ಫೋನ್ ಆಫ್ ಮಾಡಿಸಿ, ಲಕೋಟೆ ಅಂಟಿಸಿ, ಪೊಲೀಸರಿಗೆ ತಿಳಿಸಿ. ಪೋಕ್ಸೊ 19ರಂತೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ 21ರಲ್ಲಿ ಶಿಕ್ಷೆ ಇದೆ. ಹಾಗೆಂದು ಬ್ಯಾಗಿನಲ್ಲಿ ಕಾಂಡೋಮ್ ಪೊಟ್ಟಣ ಸಿಕ್ಕ ಮಾತ್ರಕ್ಕೆ ಅಪರಾಧ ನಡೆದಿದೆ ಎಂದು ತೀರ್ಮಾನಿಸಬೇಡಿ. ಅದನ್ನು ಇಟ್ಟುಕೊಳ್ಳುವುದು ಅಪರಾಧವಲ್ಲ. ತರಬೇತಿ ಇರುವ ಆಪ್ತಸಮಾಲೋಚಕರು ಒಂಟಿಯಾಗಿ ಮಾತಾಡಲಿ. ಯಾರೋ ಬಲವಂತ ಮಾಡುತ್ತಿದ್ದರೆ ಆಗ ಅದು ಹೊರಬರುತ್ತದೆ.

ಪೂರ್ತಿ ನಿಷೇಧದ ಬಗ್ಗೆ: 2025ರ ಆರಂಭದಲ್ಲಿ ದೆಹಲಿ ಹೈಕೋರ್ಟ್ ಶಾಲೆಗೆ ಸ್ಮಾರ್ಟ್‌ಫೋನ್ ತರುವುದನ್ನೇ ನಿಷೇಧಿಸುವುದು ಬೇಡ, ಬಳಕೆಗೆ ಕಟ್ಟುಪಾಡು ಹಾಕಿ, ಆದಷ್ಟು ಮಟ್ಟಿಗೆ ಒಂದೆಡೆ ಇಡಿಸಿ ಎಂದು ಮಾರ್ಗಸೂಚಿ ಕೊಟ್ಟಿತು. ಕರ್ನಾಟಕದ ಶಾಲೆ ಅದಕ್ಕೆ ಬದ್ಧವಲ್ಲ, ಆದರೂ ಮಾದರಿಯಾಗಿ ಇಟ್ಟುಕೊಳ್ಳಬಹುದು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಅರಸೀಕೆರೆ

ಎಲ್ಲರೂ ಬೇಡ ಅನ್ನುತ್ತಿದ್ದೀರಿ, ಆದರೆ ಬೆಂಗಳೂರಿನ ಶಾಲೆಗಳಲ್ಲಿ 2022ರ ನವೆಂಬರ್‌ನಲ್ಲಿ ಮಕ್ಕಳ ಬ್ಯಾಗಿನ ದಿಢೀರ್ ತಪಾಸಣೆ ಮಾಡಿದಾಗ ಸಿಗರೇಟು, ಕಾಂಡೋಮ್ ಎಲ್ಲ ಸಿಕ್ಕಿತು ಎಂದು ಪೇಪರಿನಲ್ಲೇ ಬಂದಿತ್ತಲ್ಲ. ನೋಡದೇ ಇದ್ದಿದ್ದರೆ ಗೊತ್ತಾಗುತ್ತಿತ್ತೇ? ನಮ್ಮ ಕಡೆ ದೀಪಾವಳಿ ಹೊತ್ತಿಗೆ ಪಟಾಕಿ, ಪರೀಕ್ಷೆಯ ಕೊನೆಯ ದಿನ ಬಣ್ಣ, ಮೊಟ್ಟೆ ಬ್ಯಾಗಿನಲ್ಲೇ ಬರುತ್ತವೆ.

ಶಾಲಾ ಆರೋಗ್ಯ ಕಾರ್ಯಕರ್ತೆ, ಮೂಡಿಗೆರೆ

ಸಿಕ್ಕಿದ್ದು ನಿಜ ಅಣ್ಣ. ಆದರೆ ಸಿಕ್ಕಿದ ಸುದ್ದಿ ಊರೆಲ್ಲ ಹರಡಿದ ಮೇಲೆ ಆ ಮಕ್ಕಳು ಯಾರ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ? ಪಟಾಕಿ, ಬಣ್ಣದ ದಿನ ಮೊದಲೇ ಗೊತ್ತಿರುತ್ತದೆ. ಹಿಂದಿನ ದಿನವೇ ಪೋಷಕರಿಗೆ ತಿಳಿಸಿ, ಆ ದಿನ "ಬರೀ ಪೆನ್ನು, ಹಾಲ್ ಟಿಕೆಟ್, ಬ್ಯಾಗ್ ಬೇಡ" ಅಂತ ಮಾಡಿ. ಮೂರನೇ ಶನಿವಾರದ ಬ್ಯಾಗ್‌ರಹಿತ ದಿನ ಮಕ್ಕಳಿಗೆ ಹೇಗೂ ರೂಢಿಯಾಗಿದೆ.

ಸಿಕ್ಕಿಬಿದ್ದ ದಿನ ಮಗುವನ್ನು ಒಂಟಿಯಾಗಿ ಮನೆಗೆ ಕಳಿಸಬೇಡಿ. ಅವಮಾನವಾಗಿದೆ, ಮನೆಯಲ್ಲಿ ಹೊಡೆಯುತ್ತಾರೆ ಎಂಬ ಭಯ ಇದೆ, ದಾರಿಯಲ್ಲಿ ಕೆರೆ ಇದೆ, ತೋಟದ ಮನೆಯಲ್ಲಿ ಗಿಡಕ್ಕೆ ಹೊಡೆಯುವ ವಿಷದ ಔಷಧಿ ಇದೆ. ಪೋಷಕರು ಬರುವವರೆಗೆ ಮಗುವಿಗೆ ಇಷ್ಟವಾದ ಒಬ್ಬ ಶಿಕ್ಷಕರು ಜೊತೆಗಿರಲಿ. ಪೋಷಕರನ್ನು ಮೊದಲು ಬೇರೆ ಕೂರಿಸಿ, ಸಮಾಧಾನ ಹೇಳಿ, ಆಮೇಲೆ ಮಗುವನ್ನು ಒಪ್ಪಿಸಿ. ಮಾರನೇ ದಿನ ಶಾಲೆಗೆ ಬರದಿದ್ದರೆ ಹತ್ತು ಗಂಟೆಯೊಳಗೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416, ಈ ಎರಡನ್ನೂ ಪ್ರತಿ ತರಗತಿಯ ಗೋಡೆಗೆ ಬರೆಸಿ.

ಪ್ರೌಢಶಾಲಾ ಶಿಕ್ಷಕ, ಚಿಕ್ಕಮಗಳೂರು

ತಪಾಸಣೆಯ ದಾಖಲೆ ಪುಸ್ತಕದ ವಿಷಯ ಬಿಟ್ಟುಹೋಗಿತ್ತು. ಪುಟಕ್ಕೆ ನಂಬರ್ ಹಾಕಿದ ಒಂದೇ ರಿಜಿಸ್ಟರ್ ಇಡಿ. ಕಾಲಂಗಳು: ದಿನಾಂಕ ಮತ್ತು ಸಮಯ, ತರಗತಿ ಮತ್ತು ರೋಲ್ ನಂಬರ್ (ಹೆಸರು ಬೇಡ), ಕಾರಣ, ಯಾರಿದ್ದರು, ಏನು ಸಿಕ್ಕಿತು, ಎಲ್ಲಿಗೆ ಹೋಯಿತು, ಪೋಷಕರಿಗೆ ತಿಳಿಸಿದ ಹೊತ್ತು, ಮಗು ಹೇಳಿದ ಮಾತು, ಸಹಿಗಳು. ಏನೂ ಸಿಗದಿದ್ದರೂ ಬರೆಯಲೇಬೇಕು. ಮೂರು ತಿಂಗಳಿಗೊಮ್ಮೆ ಪೋಷಕರ ಸಮಿತಿ ಕಾರಣದ ಕಾಲಂ ಮತ್ತು ಫಲಿತಾಂಶದ ಕಾಲಂ ಮಾತ್ರ ನೋಡಲಿ. ಹತ್ತು ಸಲ ನೋಡಿ ಒಂಬತ್ತು ಸಲ ಏನೂ ಸಿಗದಿದ್ದರೆ ಅನುಮಾನ ಪಡುವ ರೀತಿಯೇ ತಪ್ಪಿದೆ ಎಂದರ್ಥ. ಫೋಟೊ, ವಿಡಿಯೊ ತೆಗೆಯುವುದಿಲ್ಲ ಎಂದು ಸಿಬ್ಬಂದಿಯಿಂದ ಬರೆಸಿಕೊಳ್ಳಿ.

ಗೇಟಿನಲ್ಲಿ ನಿಲ್ಲಿಸಬೇಕೆಂದಿದ್ದ ಆರು ಜನರನ್ನು ಬೇರೆ ಕಡೆ ನಿಲ್ಲಿಸಿ: ಊಟದ ಬಿಡುವಿನಲ್ಲಿ ಶೌಚಾಲಯದ ಹೊರಗೆ ಇಬ್ಬರು, ಹಿಂಭಾಗದ ಕಾಂಪೌಂಡ್ ಹತ್ತಿರ ಒಬ್ಬರು, ಸಂಜೆ ಬಸ್ ನಿಲ್ದಾಣದಲ್ಲಿ ಇಬ್ಬರು, ಗೇಟಿನ ಸಂದರ್ಶಕರ ಪುಸ್ತಕಕ್ಕೆ ಒಬ್ಬರು. ನಿಮ್ಮ ಶಾಲೆಯಲ್ಲಿ ಗುಟ್ಕಾ ಪೊಟ್ಟಣವೂ ವೇಪೂ ಸಿಕ್ಕಿದ್ದು ಶೌಚಾಲಯದ ಹಿಂದೆಯೇ ಅಲ್ಲವೇ ಮೇಡಂ, ಅಲ್ಲಿಂದಲೇ ಶುರುಮಾಡಿ.

ಪೋಷಕರ ಸಮಿತಿ, ಹಾಸನ

ಇಷ್ಟನ್ನೂ ಎರಡು ಪುಟಕ್ಕೆ ಇಳಿಸಿ ಸೋಮವಾರದ ಸಭೆಗೆ ಕೊಡುತ್ತಿದ್ದೇವೆ. ರಿಜಿಸ್ಟರಿನ ಕಾಲಂಗಳನ್ನು ಹಾಗೇ ಸೇರಿಸಿದ್ದೇವೆ. ಪ್ಯಾಡ್ ಚೀಲ ಮತ್ತು ಔಷಧಿಯ ಸಾಲನ್ನು ಮೊದಲನೇ ಪುಟದ ಮೇಲ್ಭಾಗಕ್ಕೆ ತಂದಿದ್ದೇವೆ. ಅಂಗಡಿಯ ದೂರ ಅಳೆಯಲು ನಾಳೆ ಬೆಳಿಗ್ಗೆ ಇಬ್ಬರು ಪೋಷಕರು ಹೋಗುತ್ತಿದ್ದಾರೆ.